ಯಾವ ಎಲೆ ಹಳದಿ? – ಕುಂಡದ ಗಿಡಗಳ ಒಂದು ಪಾಠ



ಕನ್ನಡ ಟೀಚರ್ ಗೊಬ್ಬರದ ಬಗ್ಗೆ ಬರೆಯುತ್ತಿದ್ದಾರಲ್ಲ ಎಂದು ನಿಮ್ಮಲ್ಲಿ ಕೆಲವರಿಗೆ ನಗು ಬರಬಹುದು. ವಿಜ್ಞಾನದ ಟೀಚರ್ ಬರೆಯಬೇಕಾದದ್ದನ್ನು ನಾನು ಕಸಿದುಕೊಂಡಿಲ್ಲ. ಈ ಪಾಠ ಹುಟ್ಟಿದ್ದೇ ನಮ್ಮ ಕನ್ನಡ ತರಗತಿಯಲ್ಲಿ. ಒಂದು ದಿನ ಆರನೆಯ ತರಗತಿಯಲ್ಲಿ ಎಲೆಗೆ ಸಂಬಂಧಿಸಿದ ಪದಗಳನ್ನು ಬೋರ್ಡಿನ ಮೇಲೆ ಬರೆಯುತ್ತಿದ್ದೆ: ಚಿಗುರು, ತಳಿರು, ಎಳೆಯ ಎಲೆ, ಬಲಿತ ಎಲೆ, ಹಣ್ಣೆಲೆ, ತರಗೆಲೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಮಿಸ್, ಎಲೆ ಅಂದ್ರೆ ಎಲೆ ಅಷ್ಟೇ ಅಲ್ವಾ? ಇಷ್ಟೊಂದು ಹೆಸರು ಯಾಕೆ ಬೇಕು?" ಎಂದು ಕೇಳಿದಳು. ತರಗತಿ ನಕ್ಕಿತು. ನಾನು ನಗಲಿಲ್ಲ. ಏಕೆಂದರೆ ಆ ಹೆಸರುಗಳ ವ್ಯತ್ಯಾಸ ಗೊತ್ತಿದ್ದೂ ಉಪಯೋಗಿಸದೆ ನಾನು ಒಂದು ಗಿಡವನ್ನು ಕೊಂದವಳು.

ನಾನು ಮದುವೆಯಾಗಿ ಮಸ್ಕತ್ತಿಗೆ ಬಂದ ಮೊದಲ ವರ್ಷ. ಬರ್ಕಾ ಕಡೆಯ ನರ್ಸರಿಯೊಂದರಿಂದ ಒಂದು ಮೊಳ ಎತ್ತರದ ಕರಿಬೇವಿನ ಗಿಡ ತಂದು ಬಾಲ್ಕನಿಯಲ್ಲಿ ಇಟ್ಟೆ. ಪುತ್ತೂರಿನ ನಮ್ಮ ಮನೆಯ ಹಿತ್ತಲಲ್ಲಿ ಕರಿಬೇವು ಯಾರೂ ನೋಡಿಕೊಳ್ಳದೆ ತಾನಾಗಿ ಮರವಾಗಿತ್ತು. ಇಲ್ಲಿಯೂ ಹಾಗೆಯೇ ಬೆಳೆಯುತ್ತದೆ ಎಂಬ ಧೈರ್ಯ. ಎರಡು ತಿಂಗಳಲ್ಲಿ ಅದರ ತುದಿಯ ಚಿಗುರು ಬಣ್ಣಗೆಡತೊಡಗಿತು. ಮೊದಲು ತಿಳಿ ಹಸಿರು, ಆಮೇಲೆ ಹಳದಿ, ಕೊನೆಗೆ ಬಹುತೇಕ ಬಿಳಿ. ಪಾಪ, ಗಿಡಕ್ಕೆ ಹಸಿವಾಗಿದೆ ಎಂದುಕೊಂಡೆ. ಪರಿಚಯದವರೊಬ್ಬರು ಪ್ಲಾಸ್ಟಿಕ್ ಚೀಲದಲ್ಲಿ ಸ್ವಲ್ಪ ಯೂರಿಯಾ ಕೊಟ್ಟರು. ಎರಡು ಚಮಚ ಬುಡಕ್ಕೆ ಹಾಕಿ, ಅದೂ ಮಟಮಟ ಮಧ್ಯಾಹ್ನ, ನೀರು ಹೊಯ್ದೆ. ನಾಲ್ಕೇ ದಿನಗಳಲ್ಲಿ ಎಲೆಗಳ ಅಂಚು ಕಾವಲಿಯ ಮೇಲಿಟ್ಟಂತೆ ಕಂದಿಹೋಯಿತು. ವಾರದೊಳಗೆ ಕಡ್ಡಿ ಮಾತ್ರ ಉಳಿಯಿತು.

ಆ ರಾತ್ರಿ ಊರಿಗೆ ಫೋನ್ ಮಾಡಿದಾಗ ಅಪ್ಪನಿಗೆ ಹೇಳಿದೆ. ಅವರು ಅಡಿಕೆ ಬೆಳೆಗಾರರು, ಮಾತು ಕಡಿಮೆ. "ಯಾವ ಎಲೆ ಹಳದಿ ಆಗಿತ್ತು ಮಗಳೇ, ಮೇಲಿನದ್ದೋ ಅಡಿಯದ್ದೋ?" ಎಂದು ಮಾತ್ರ ಕೇಳಿದರು. "ಮೇಲಿನದ್ದು, ಚಿಗುರು" ಎಂದೆ. "ಹಾಗಾದರೆ ಯೂರಿಯಾ ಯಾಕೆ ಹಾಕಿದ್ದು?" ಎಂದರು. ನನ್ನ ಬಳಿ ಉತ್ತರವಿರಲಿಲ್ಲ. ಬಿ.ಎ. ಆಗಿತ್ತು, ಬಿ.ಎಡ್. ಆಗಿತ್ತು, ಆದರೆ ಈ ಪ್ರಶ್ನೆ ಯಾವ ಪರೀಕ್ಷೆಯಲ್ಲೂ ಬಂದಿರಲಿಲ್ಲ.

ಆ ಪ್ರಶ್ನೆಗೆ ಉತ್ತರ ಹುಡುಕಿಕೊಂಡು ಓದಿದ್ದು, ಕೇಳಿ ತಿಳಿದದ್ದು, ಕುಂಡಗಳಲ್ಲಿ ಮಾಡಿ ನೋಡಿದ್ದು ಎಲ್ಲವನ್ನೂ ಇಲ್ಲಿ ನಿಮಗಾಗಿ ಬರೆದಿದ್ದೇನೆ. ನಿಮ್ಮ ಮನೆಯ ಬಾಲ್ಕನಿಯಲ್ಲೂ ಒಂದು ತುಳಸಿ, ಒಂದು ಮಲ್ಲಿಗೆ, ಒಂದು ಕರಿಬೇವು ಇದ್ದೇ ಇರುತ್ತದೆಯಲ್ಲವೇ?

ಗಿಡ ಏನು ತಿನ್ನುತ್ತದೆ?

ಗಿಡದ ಬೆಳವಣಿಗೆಗೆ 17 ಮೂಲವಸ್ತುಗಳು ಬೇಕೆಂದು ವಿಜ್ಞಾನಿಗಳು ಗುರುತಿಸಿದ್ದಾರೆ. ಇಂಗಾಲ, ಜಲಜನಕ, ಆಮ್ಲಜನಕ ಈ ಮೂರು ಗಾಳಿ ಮತ್ತು ನೀರಿನಿಂದ ಸಿಗುತ್ತವೆ. ಇವಕ್ಕೆ ನಾವು ದುಡ್ಡು ಕೊಡಬೇಕಾಗಿಲ್ಲ. ಉಳಿದ 14 ಮುಖ್ಯವಾಗಿ ಬೇರಿನ ಮೂಲಕ ಹೋಗಬೇಕು. ಅವುಗಳಲ್ಲಿ ಹೆಚ್ಚು ಪ್ರಮಾಣದಲ್ಲಿ ಬೇಕಾದವು ಸಾರಜನಕ, ರಂಜಕ, ಪೊಟ್ಯಾಸಿಯಂ. ಗೊಬ್ಬರದ ಚೀಲದ ಮೇಲೆ 20-20-20 ಅಥವಾ 18-46-0 ಎಂದು ಮೂರು ಅಂಕಿಗಳಿರುವುದನ್ನು ನೋಡಿರುತ್ತೀರಿ. ಅದು ಇದೇ ಮೂರರ ಶೇಕಡಾ ಲೆಕ್ಕ, ಇದೇ ಕ್ರಮದಲ್ಲಿ. ಅನಂತರ ಕ್ಯಾಲ್ಸಿಯಂ, ಮೆಗ್ನೀಸಿಯಂ, ಗಂಧಕ. ಆಮೇಲೆ ಚಿಟಿಕೆಯಷ್ಟೇ ಸಾಕಾಗುವ ಕಬ್ಬಿಣ, ಸತು, ಮ್ಯಾಂಗನೀಸ್, ತಾಮ್ರ, ಬೋರಾನ್ ಮುಂತಾದವು. ಸಾರಿಗೆ ಬೇಳೆ ಎಷ್ಟು, ಇಂಗು ಎಷ್ಟು? ಇಂಗು ಚಿಟಿಕೆಯಷ್ಟೇ. ಆದರೆ ಅದು ಇಲ್ಲದಿದ್ದರೆ ಬೇಳೆ ಎಷ್ಟು ಹೆಚ್ಚು ಹಾಕಿದರೂ ಇಂಗಿನ ರುಚಿ ಬಾರದು.

ಇದನ್ನೇ ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞ ಯುಸ್ಟಸ್ ಫಾನ್ ಲೀಬಿಗ್ ಪ್ರಸಿದ್ಧಿಗೆ ತಂದರು. ಅವರಿಗಿಂತ ಮೊದಲೇ ಅದೇ ದೇಶದ ಕಾರ್ಲ್ ಸ್ಪ್ರೆಂಗೆಲ್ ಈ ಮಾತು ಹೇಳಿದ್ದರು. ಎಲ್ಲಕ್ಕಿಂತ ಕಡಿಮೆಯಿರುವ ಪೋಷಕಾಂಶವೇ ಗಿಡದ ಬೆಳವಣಿಗೆಯ ಮಿತಿಯನ್ನು ನಿರ್ಧರಿಸುತ್ತದೆ ಎಂಬುದು ಆ ನಿಯಮ. ಇದನ್ನು ವಿವರಿಸಲು ಪುಸ್ತಕಗಳಲ್ಲಿ ಮರದ ಪೀಪಾಯಿಯ ಚಿತ್ರ ಹಾಕುತ್ತಾರೆ. ಪೀಪಾಯಿಯ ಹಲಗೆಗಳಲ್ಲಿ ಒಂದು ಗಿಡ್ಡವಾಗಿದ್ದರೆ ನೀರು ನಿಲ್ಲುವುದು ಆ ಗಿಡ್ಡ ಹಲಗೆಯವರೆಗೆ ಮಾತ್ರ. ಬೇರೆ ಹಲಗೆಗಳನ್ನು ಎಷ್ಟು ಎತ್ತರ ಮಾಡಿದರೂ ನೀರು ಆ ಗಿಡ್ಡ ಹಲಗೆಯ ಮೇಲಿಂದ ಹೊರಗೆ ಚೆಲ್ಲುತ್ತದೆ. ನನ್ನ ಕರಿಬೇವಿನ ಗಿಡ್ಡ ಹಲಗೆ ಕಬ್ಬಿಣವಾಗಿತ್ತು. ನಾನು ಎತ್ತರಿಸಿದ್ದು ಸಾರಜನಕದ ಹಲಗೆಯನ್ನು.

ಗಾಳಿಯಿಂದ ಗೊಬ್ಬರ

ಯೂರಿಯಾದ ಬಗ್ಗೆ ಸ್ವಲ್ಪ ಹೇಳಿ ಮುಂದೆ ಹೋಗುತ್ತೇನೆ, ಏಕೆಂದರೆ ಇದಕ್ಕೂ ನಾವಿರುವ ಈ ದೇಶಕ್ಕೂ ನಮ್ಮ ಊರಿಗೂ ನಂಟಿದೆ. ನಾವು ಉಸಿರಾಡುವ ಗಾಳಿಯಲ್ಲಿ ಶೇಕಡಾ 78ರಷ್ಟು ಸಾರಜನಕವೇ ಇದೆ. ಆದರೆ ಗಿಡ ಅದನ್ನು ನೇರವಾಗಿ ಉಪಯೋಗಿಸಲಾರದು. ಅವರೆ, ಅಲಸಂದೆ, ಹೆಸರು ಮುಂತಾದ ದ್ವಿದಳ ಗಿಡಗಳಿಗೆ ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಾಗಳು ಆ ಕೆಲಸ ಮಾಡಿಕೊಡುತ್ತವೆ. 1909ರಲ್ಲಿ ಜರ್ಮನಿಯ ಫ್ರಿಟ್ಸ್ ಹಾಬರ್ ಗಾಳಿಯ ಸಾರಜನಕವನ್ನು ಜಲಜನಕದೊಂದಿಗೆ ಸೇರಿಸಿ ಅಮೋನಿಯಾ ಮಾಡಿ ತೋರಿಸಿದರು. ಕಾರ್ಲ್ ಬಾಷ್ ಅದನ್ನು ಕಾರ್ಖಾನೆಯ ಮಟ್ಟಕ್ಕೆ ತಂದರು. 1913ರಲ್ಲಿ ಜರ್ಮನಿಯ ಒಪ್ಪೌನಲ್ಲಿ ಮೊದಲ ಕಾರ್ಖಾನೆ ಶುರುವಾಯಿತು. ಇಬ್ಬರಿಗೂ ಬೇರೆ ಬೇರೆ ವರ್ಷಗಳಲ್ಲಿ ನೊಬೆಲ್ ಬಹುಮಾನ ಬಂತು.

ಇದಕ್ಕೆ ಬೇಕಾದ ಜಲಜನಕ ಹೆಚ್ಚಾಗಿ ನೈಸರ್ಗಿಕ ಅನಿಲದಿಂದ ಸಿಗುತ್ತದೆ. ಕೊಲ್ಲಿ ದೇಶಗಳಲ್ಲಿ ಗೊಬ್ಬರ ಕಾರ್ಖಾನೆಗಳಿರುವುದಕ್ಕೆ ಇದೇ ಕಾರಣ. ಮಸ್ಕತ್ತಿನಿಂದ ಸುಮಾರು 200 ಕಿ.ಮೀ. ದೂರದ ಸೂರ್‌ನಲ್ಲಿ ಒಮಾನ್ ಮತ್ತು ಭಾರತದ ಸಹಕಾರಿ ಸಂಸ್ಥೆಗಳಾದ ಇಫ್ಕೋ, ಕ್ರಿಬ್ಕೋ ಸೇರಿ ಕಟ್ಟಿದ ಕಾರ್ಖಾನೆಯಿದೆ. 2005ರಲ್ಲಿ ಉತ್ಪಾದನೆ ಆರಂಭವಾಗಿ ಅಲ್ಲಿಂದ ವರ್ಷಗಳ ಕಾಲ ಹಡಗುಗಟ್ಟಲೆ ಯೂರಿಯಾ ಭಾರತಕ್ಕೆ ಹೋಯಿತು. ನಿಮ್ಮ ಅಜ್ಜನ ಗದ್ದೆಗೆ ಬಿದ್ದ ಹಿಡಿ ಯೂರಿಯಾದಲ್ಲಿ ಈ ಮರಳುಗಾಡಿನ ಅನಿಲವೂ ಇದ್ದಿರಬಹುದು. ಮುಂದಿನ ರಜೆಯಲ್ಲಿ ಊರಿಗೆ ಹೋದಾಗ ಅಜ್ಜನಿಗೆ ಇದನ್ನು ಹೇಳಿ ನೋಡಿ.

ಎಲೆಯನ್ನು ಓದುವುದು

ಈಗ ಮುಖ್ಯ ಪಾಠಕ್ಕೆ ಬರೋಣ. ಹಳದಿಯಾದ ಎಲೆ ಕಂಡ ಕೂಡಲೇ ಗೊಬ್ಬರದ ಡಬ್ಬ ತೆರೆಯಬೇಡಿ. ಮೊದಲು ಅಪ್ಪ ಕೇಳಿದ ಪ್ರಶ್ನೆ ಕೇಳಿ. ಹಳದಿಯಾದದ್ದು ಚಿಗುರೋ, ಬಲಿತ ಎಲೆಯೋ?

ಕಾರಣ ಹೀಗಿದೆ. ಕೆಲವು ಪೋಷಕಾಂಶಗಳನ್ನು ಗಿಡ ಒಂದು ಎಲೆಯಿಂದ ಬಿಡಿಸಿಕೊಂಡು ಇನ್ನೊಂದಕ್ಕೆ ಸಾಗಿಸಬಲ್ಲದು. ಸಾರಜನಕ, ರಂಜಕ, ಪೊಟ್ಯಾಸಿಯಂ, ಮೆಗ್ನೀಸಿಯಂ ಈ ಗುಂಪಿನವು. ಮಣ್ಣಿನಲ್ಲಿ ಇವು ಕಡಿಮೆಯಾದರೆ ಗಿಡ ಬುಡದ ಹಳೆಯ ಎಲೆಗಳಿಂದ ತೆಗೆದು ತುದಿಯ ಚಿಗುರಿಗೆ ಕೊಡುತ್ತದೆ. ಮನೆಯಲ್ಲಿ ಊಟ ಕಡಿಮೆಯಾದಾಗ ದೊಡ್ಡವರು ತಮ್ಮ ಪಾಲನ್ನು ಮಕ್ಕಳ ತಟ್ಟೆಗೆ ಹಾಕಿದ ಹಾಗೆ. ಹೀಗಾಗಿ ಕೊರತೆ ಮೊದಲು ಕಾಣಿಸುವುದು ಅಡಿಯ ಎಲೆಗಳಲ್ಲಿ. "ಹಣ್ಣೆಲೆ ಉದುರುವಾಗ ಚಿಗುರೆಲೆ ನಕ್ಕಿತು" ಎಂಬ ಗಾದೆಯನ್ನು ಕಲಿತಿದ್ದೀರಿ. ಚಿಗುರು ನಗುತ್ತಿರುವುದು ಆ ಹಣ್ಣೆಲೆ ತನ್ನಲ್ಲಿದ್ದ ಸಾರಜನಕವನ್ನು ಅದಕ್ಕೇ ಕೊಟ್ಟು ಉದುರಿದ್ದರಿಂದ. ಗಾದೆ ಮಾಡಿದವರಿಗೆ ಇದು ಗೊತ್ತಿತ್ತೋ ಇಲ್ಲವೋ, ಚಿಗುರಿಗಂತೂ ಗೊತ್ತಿಲ್ಲ.

ಕಬ್ಬಿಣ, ಕ್ಯಾಲ್ಸಿಯಂ, ಬೋರಾನ್ ಮುಂತಾದವು ಹಾಗಲ್ಲ. ಒಮ್ಮೆ ಒಂದು ಎಲೆಯಲ್ಲಿ ಸೇರಿಕೊಂಡರೆ ಅಲ್ಲಿಂದ ಸುಲಭವಾಗಿ ಕದಲುವುದಿಲ್ಲ. ಹೊಸದಾಗಿ ಬೇರಿನಿಂದ ಬರದಿದ್ದರೆ ಹಳೆಯ ಎಲೆ ಹಸಿರಾಗಿಯೇ ಇರುತ್ತದೆ, ಬಡವಾಗುವುದು ಚಿಗುರು.

ಬಲಿತ ಎಲೆಗಳು ನರವೂ ಸೇರಿ ಪೂರ್ತಿ ಒಂದೇ ಸಮನೆ ಹಳದಿಯಾಗಿ, ಗಿಡ ಒಟ್ಟಿನಲ್ಲಿ ಬಿಳಿಚಿಕೊಂಡು ಕುಗ್ಗಿದ್ದರೆ ಅದು ಸಾರಜನಕದ ಹಸಿವು. ಬಲಿತ ಎಲೆಯಲ್ಲೇ ನರಗಳು ಹಸಿರಾಗಿ ಉಳಿದು ನಡುವಿನ ಭಾಗ ಮಾತ್ರ ಹಳದಿಯಾದರೆ ಮೆಗ್ನೀಸಿಯಂ ಕೊರತೆ. ಎಲೆಯ ಹಸಿರಿಗೆ ಕಾರಣವಾದ ಪತ್ರಹರಿತ್ತಿನ ಅಣುವಿನ ನಡುವೆ ಕುಳಿತಿರುವುದು ಮೆಗ್ನೀಸಿಯಂ. ಬಲಿತ ಎಲೆಗಳ ಅಂಚು ಮಾತ್ರ ಸುಟ್ಟಂತೆ ಕಂದಾದರೆ ಪೊಟ್ಯಾಸಿಯಂ ಕಡಿಮೆಯಾಗಿರಬಹುದು. ಆದರೆ ಇಲ್ಲಿ ಜಾಗ್ರತೆ, ಉಪ್ಪು ಹೆಚ್ಚಾದರೂ ಅಂಚು ಹೀಗೆಯೇ ಸುಡುತ್ತದೆ. ರಂಜಕದ ಕೊರತೆಯಲ್ಲಿ ಎಲೆ ಹಳದಿಯಾಗುವ ಬದಲು ಮಂಕಾದ ಕಡು ಹಸಿರಾಗಿ, ಕೆಲವು ಗಿಡಗಳಲ್ಲಿ ನೇರಳೆ ಛಾಯೆ ತಾಳುತ್ತದೆ. ನನ್ನ ಕುಂಡಗಳಲ್ಲಿ ಇದನ್ನು ನಾನು ನೋಡಿಲ್ಲ.

ಚಿಗುರಿಗೆ ಬಂದರೆ, ಎಳೆಯ ಎಲೆಗಳಲ್ಲಿ ನರಗಳು ಹಸಿರು ಗೆರೆ ಎಳೆದಂತೆ ಸ್ಪಷ್ಟವಾಗಿ ಕಂಡು ನಡುವೆ ಹಳದಿಯಿದ್ದರೆ ಕಬ್ಬಿಣ ಸಿಗುತ್ತಿಲ್ಲ. ತೀವ್ರವಾದಾಗ ಎಲೆ ಬೆಳ್ಳಗಾಗುತ್ತದೆ. ಹೊಸ ಎಲೆಗಳು ತೀರಾ ಸಣ್ಣದಾಗಿ, ಕಿರಿದಾಗಿ, ಒತ್ತೊತ್ತಾಗಿ ಬಂದರೆ ಸತುವಿನ ಮೇಲೆ ಅನುಮಾನ ಪಡಬೇಕು. ಟೊಮೆಟೊ ಕಾಯಿಯ ತಳ ಕಪ್ಪಾಗಿ ಕೊಳೆತಂತೆ ಆಗುವುದು ಕ್ಯಾಲ್ಸಿಯಂ ಕಾಯಿಗೆ ತಲುಪದೆ. ಇದಕ್ಕೆ ಬಹಳ ಸಲ ಕಾರಣ ಮಣ್ಣಲ್ಲ, ನಾವು. ಒಂದು ದಿನ ನೀರು ಹಾಕಿ ಮೂರು ದಿನ ಮರೆತರೆ ನೀರಿನ ಜೊತೆ ಹೋಗಬೇಕಾದ ಕ್ಯಾಲ್ಸಿಯಂ ದಾರಿಯಲ್ಲೇ ನಿಲ್ಲುತ್ತದೆ.

ಇನ್ನೊಂದು ಮಾತು. ಹಳದಿ ಎಲೆಗಳೆಲ್ಲ ಪೋಷಕಾಂಶದ ಕೊರತೆಯಿಂದಲೇ ಆದವಲ್ಲ. ಮಣ್ಣಿನೊಳಗೆ ಬೆರಳಿಟ್ಟು ನೋಡಿ. ಎರಡು ಗೆಣ್ಣು ಆಳದಲ್ಲಿ ಮಣ್ಣು ಸದಾ ಕೆಸರಾಗಿದ್ದರೆ ಬೇರು ಉಸಿರುಕಟ್ಟಿದೆ ಎಂದರ್ಥ. ಆಗ ಗೊಬ್ಬರವಿದ್ದರೂ ಅದು ಹೀರಲಾರದು. ಎಲೆಯನ್ನು ಮಗುಚಿ ನೋಡಿ. ಸೂಜಿ ಚುಚ್ಚಿದಂತಹ ಸಣ್ಣ ಸಣ್ಣ ಚುಕ್ಕೆಗಳು, ತೆಳ್ಳನೆಯ ಬಲೆ ಕಂಡರೆ ಅದು ಜೇಡನುಸಿ. ಇಲ್ಲಿಯ ಬಿಸಿ ಒಣ ಹವೆ ಅದಕ್ಕೆ ಬಹಳ ಇಷ್ಟ. ಅದಕ್ಕೆ ಔಷಧ ಗೊಬ್ಬರವಲ್ಲ, ಎಲೆಯ ಅಡಿಭಾಗಕ್ಕೆ ನೀರು ಚಿಮ್ಮಿಸಿ ತೊಳೆಯುವುದು. ಬುಡದ ಒಂದೆರಡು ಎಲೆ ಹಣ್ಣಾಗಿ ಉದುರಿದರೆ ಏನೂ ಮಾಡಬೇಕಾಗಿಲ್ಲ, ಅದು ಅದರ ವಯಸ್ಸು.

ಕಬ್ಬಿಣದ ಬೆಟ್ಟದ ಬುಡದಲ್ಲಿ ಕಬ್ಬಿಣವಿಲ್ಲ!

ಈಗ ನನ್ನ ಕರಿಬೇವಿನ ವಿಷಯ. ಮಸ್ಕತ್ತಿನ ಸುತ್ತಲಿನ ಕಂದು ಬೋಳುಬೆಟ್ಟಗಳನ್ನು ದಿನವೂ ಶಾಲೆಯ ಬಸ್ಸಿನಿಂದ ನೋಡುತ್ತೀರಿ. ಭೂಮಿಯ ಆಳದಿಂದ ಮೇಲೆದ್ದು ಬಂದ ಆ ಶಿಲೆಗಳು ಭೂವಿಜ್ಞಾನಿಗಳಲ್ಲಿ ಪ್ರಪಂಚಪ್ರಸಿದ್ಧ. ಅವುಗಳಲ್ಲಿ ಕಬ್ಬಿಣವೂ ಮೆಗ್ನೀಸಿಯಮ್ಮೂ ಧಾರಾಳವಾಗಿವೆ. ಹಾಗಿದ್ದೂ ಬುಡದಲ್ಲಿರುವ ಗಿಡಕ್ಕೆ ಕಬ್ಬಿಣದ ಕೊರತೆಯೇಕೆ?

ಮಣ್ಣಿನ ಹುಳಿ ಮತ್ತು ಕ್ಷಾರ ಗುಣವನ್ನು ಪಿಎಚ್ ಎಂಬ ಅಳತೆಯಿಂದ ಹೇಳುತ್ತಾರೆ. 7 ಎಂದರೆ ಮಧ್ಯಮ. ಅದಕ್ಕಿಂತ ಕಡಿಮೆಯಾದರೆ ಹುಳಿ, ಹೆಚ್ಚಾದರೆ ಕ್ಷಾರ. ಒಮಾನಿನ ಮಣ್ಣಿನಲ್ಲಿ ಸುಣ್ಣದ ಅಂಶ ಹೆಚ್ಚು, ಪಿಎಚ್ ಸಾಮಾನ್ಯವಾಗಿ 8ರ ಆಸುಪಾಸು. ಅಂತಹ ಮಣ್ಣಿನಲ್ಲಿ ಕಬ್ಬಿಣ ನೀರಿನಲ್ಲಿ ಕರಗದೆ ತುಕ್ಕಿನಂತೆ ಗಟ್ಟಿಯಾಗಿ ಕುಳಿತುಬಿಡುತ್ತದೆ. ಬೇರಿಗೆ ಕರಗಿದ್ದು ಬೇಕು, ಗಟ್ಟಿಯಾದದ್ದು ಪ್ರಯೋಜನವಿಲ್ಲ. ಉಗ್ರಾಣದಲ್ಲಿ ಅಕ್ಕಿ ತುಂಬಿದೆ, ಬಾಗಿಲಿಗೆ ಬೀಗ. ನಮ್ಮ ಕರಾವಳಿಯ ಕೆಂಪು ಮುರಕಲ್ಲಿನ ಮಣ್ಣು ಹುಳಿ ಗುಣದ್ದು. ಅಲ್ಲಿ ಕಬ್ಬಿಣ ಗಿಡಕ್ಕೆ ಸಲೀಸಾಗಿ ಸಿಗುತ್ತದೆ. ಆದ್ದರಿಂದಲೇ ಹಿತ್ತಲಿನ ಕರಿಬೇವು ಯಾರ ಹಂಗಿಲ್ಲದೆ ಮರವಾದದ್ದು. ಕರಿಬೇವು ನಿಂಬೆ, ಕಿತ್ತಳೆಗಳ ಕುಟುಂಬಕ್ಕೆ ಸೇರಿದ ಗಿಡ. ಈ ಕುಟುಂಬದವರಿಗೆ ಸುಣ್ಣದ ಮಣ್ಣಿನಲ್ಲಿ ಈ ತೊಂದರೆ ಬೇಗ ಬರುತ್ತದೆ. ದಾಸವಾಳಕ್ಕೂ ಹಾಗೆಯೇ.

ಇಲ್ಲಿಯೇ ನಾವು ಊರಿನಿಂದ ತಂದ ತಿಳಿವಳಿಕೆ ಎಡವುವುದು. ಊರಿನಲ್ಲಿ ಒಲೆಯ ಬೂದಿಯನ್ನು ಗಿಡದ ಬುಡಕ್ಕೆ ಹಾಕುತ್ತೇವೆ. ಹುಳಿ ಮಣ್ಣಿಗೆ ಅದು ಒಳ್ಳೆಯದು. ಬೂದಿಯಲ್ಲಿ ಪೊಟ್ಯಾಸಿಯಂ ಇದೆ, ಹುಳಿಯನ್ನೂ ತಗ್ಗಿಸುತ್ತದೆ. ಅದೇ ಬೂದಿಯನ್ನು ಇಲ್ಲಿಯ ಕ್ಷಾರ ಮಣ್ಣಿಗೆ ಹಾಕಿದರೆ ಬೀಗದ ಮೇಲೆ ಇನ್ನೊಂದು ಬೀಗ ಹಾಕಿದಂತೆ. ರಜೆಯಲ್ಲಿ ಊರಿಗೆ ಹೋದಾಗ ಬೂದಿ ಹಾಕಿ, ಇಲ್ಲಿ ಬೇಡ. ಕೆಲವರು ತುಕ್ಕು ಹಿಡಿದ ಮೊಳೆಗಳನ್ನು ಬುಡದಲ್ಲಿ ಹೂಳುತ್ತಾರೆ. ಕರಗದ ತುಕ್ಕೇ ಸಮಸ್ಯೆಯಾಗಿರುವಾಗ ಇನ್ನಷ್ಟು ತುಕ್ಕು ಸೇರಿಸಿ ಏನು ಲಾಭ?

ಹುಳಿ ಮಜ್ಜಿಗೆಯ ವಿಷಯ ಪೋಷಕರು ಖಂಡಿತ ಕೇಳುತ್ತೀರಿ. ಕರಿಬೇವಿಗೆ ಹುಳಿ ಮಜ್ಜಿಗೆ ಹಾಕುವುದು ನಮ್ಮಲ್ಲಿ ಹಲವು ಮನೆಗಳ ರೂಢಿ. ನನ್ನ ಅಭಿಪ್ರಾಯ ಇಷ್ಟು: ಮಜ್ಜಿಗೆಯಲ್ಲಿ ಹುಳಿ ಇರುವುದು ನಿಜ, ಅಲ್ಪಸ್ವಲ್ಪ ಪೋಷಕಾಂಶವೂ ಇದೆ. ಆದರೆ ಒಂದು ಲೋಟ ಮಜ್ಜಿಗೆಯ ಹುಳಿ ಕುಂಡ ತುಂಬ ಇರುವ ಸುಣ್ಣದ ಮುಂದೆ ಎಷ್ಟು ಹೊತ್ತು ನಿಂತೀತು? ಚೆನ್ನಾಗಿ ನೀರು ಬೆರೆಸಿ, ಉಪ್ಪು ಹಾಕದೆ ಅಪರೂಪಕ್ಕೆ ಕೊಟ್ಟರೆ ಕೇಡಿಲ್ಲ. ದಪ್ಪಗೆ ಸುರಿದರೆ ವಾಸನೆ, ಇರುವೆ, ಕೆಳಗಿನ ಮನೆಯವರ ದೂರು ಮೂರೂ ಸಿಗುತ್ತವೆ. ನನಗೆ ಮೂರೂ ಸಿಕ್ಕಿವೆ.

ನಿಜವಾದ ಪರಿಹಾರ ಎರಡು. ಮೊದಲನೆಯದು, ಕುಂಡದ ಮಣ್ಣನ್ನೇ ಬದಲಾಯಿಸುವುದು. ಇಲ್ಲಿಯ ಸುಣ್ಣದ ಮರಳನ್ನು ಕಡಿಮೆ ಮಾಡಿ ತೆಂಗಿನ ನಾರಿನ ಪುಡಿ, ಚೆನ್ನಾಗಿ ಕಳಿತ ಕಾಂಪೋಸ್ಟ್ ಸೇರಿಸಿದ ಮಿಶ್ರಣದಲ್ಲಿ ಗಿಡ ನೆಡುವುದು. ಎರಡನೆಯದು, ಕೀಲೇಟ್ ರೂಪದ ಕಬ್ಬಿಣ. ಗ್ರೀಕ್ ಭಾಷೆಯಲ್ಲಿ ಏಡಿಯ ಇಕ್ಕಳದಂತಹ ಕಾಲಿಗೆ ಇರುವ ಪದದಿಂದ ಈ ಹೆಸರು ಬಂದಿದೆ. ಏಡಿ ಕಾಲಿನಲ್ಲಿ ಹಿಡಿದಂತೆ ಒಂದು ಸಾವಯವ ಅಣು ಕಬ್ಬಿಣವನ್ನು ಹಿಡಿದುಕೊಂಡು, ಅದು ಗಟ್ಟಿಯಾಗದಂತೆ ಬೇರಿನವರೆಗೆ ತಲುಪಿಸುತ್ತದೆ. ಅಂಗಡಿಯಲ್ಲಿ ಪೊಟ್ಟಣದ ಮೇಲಿನ ಅಕ್ಷರಗಳನ್ನು ಓದಿ ಕೊಳ್ಳಿ. ಇಡಿಟಿಎ ಎಂದಿರುವುದು ಕ್ಷಾರ ಮಣ್ಣಿನಲ್ಲಿ ಹಿಡಿತ ಬಿಟ್ಟುಬಿಡುತ್ತದೆ. ಇಡಿಡಿಎಚ್‌ಎ ಎಂದಿರುವುದು ನಮ್ಮ ಮಣ್ಣಿಗೆ ತಕ್ಕದ್ದು. ಕುಂಕುಮಕ್ಕಿಂತ ಸ್ವಲ್ಪ ಕಪ್ಪು ಬಣ್ಣದ ಪುಡಿ, ನೀರಿಗೆ ಹಾಕಿದರೆ ಕೆಂಪಗೆ ಕರಗುತ್ತದೆ. ಬಾಲ್ಕನಿಯ ನೆಲಕ್ಕೆ ಚೆಲ್ಲಿದರೆ ಕಲೆ ಹೋಗುವುದು ಕಷ್ಟ. ನಾನು ಲೀಟರ್ ನೀರಿಗೆ ಒಂದು ಗ್ರಾಂ ಹಾಕಿ ಬುಡಕ್ಕೆ ಕೊಡುತ್ತೇನೆ. ನೀವು ಪೊಟ್ಟಣದ ಸೂಚನೆಯಂತೆ ಮಾಡಿ. ಈಗಾಗಲೇ ಬಿಳಿಚಿದ ಎಲೆ ಪೂರ್ತಿ ಹಸಿರಾಗದಿದ್ದರೂ ನಿರಾಶರಾಗಬೇಡಿ. ಎರಡು ಮೂರು ವಾರಗಳಲ್ಲಿ ಬರುವ ಹೊಸ ಚಿಗುರಿನ ಬಣ್ಣ ನೋಡಿ.

ಒಂದು ಚಮಚದ ಲೆಕ್ಕ

ಗಣಿತದ ಟೀಚರ್ ಕ್ಷಮಿಸಬೇಕು, ಒಂದು ಲೆಕ್ಕ ಮಾಡೋಣ. ಯೂರಿಯಾದಲ್ಲಿ ಶೇಕಡಾ 46 ಸಾರಜನಕ. ಒಂದು ಟೀ ಚಮಚ ಯೂರಿಯಾ ಸುಮಾರು 4 ಗ್ರಾಂ ತೂಗುತ್ತದೆ ಎಂದಿಟ್ಟುಕೊಳ್ಳಿ. ಅದರಲ್ಲಿ ಸಾರಜನಕ 1.84 ಗ್ರಾಂ. ಕುಂಡದ ಗಿಡಕ್ಕೆ ಹಾಕುವ 20-20-20 ಗೊಬ್ಬರವನ್ನು ಒಂದು ಲೀಟರ್ ನೀರಿಗೆ ಒಂದು ಗ್ರಾಂ ಕರಗಿಸಿದರೆ ಆ ಲೀಟರಿನಲ್ಲಿ ಇರುವ ಸಾರಜನಕ 0.2 ಗ್ರಾಂ. ಅಂದರೆ ಒಂದು ಚಮಚ ಯೂರಿಯಾ, ಆ ಗೊಬ್ಬರದ ನೀರಿನ 9 ಲೀಟರಿಗೂ ಹೆಚ್ಚಿಗೆ ಸಮ. ನಾನು ಹಾಕಿದ್ದು ಎರಡು ಚಮಚ. ಒಂದು ಸಣ್ಣ ಕುಂಡಕ್ಕೆ, ಒಂದೇ ಸಲಕ್ಕೆ.

ಹೆಚ್ಚಾದ ಗೊಬ್ಬರ ಗಿಡವನ್ನು ಹೇಗೆ ಕೊಲ್ಲುತ್ತದೆ? ಅಜ್ಜಿ ಮಾವಿನಮಿಡಿಗೆ ಉಪ್ಪು ಹಾಕುವುದನ್ನು ನೋಡಿದ್ದೀರಾ? ಭರಣಿಯಲ್ಲಿ ಮಿಡಿ, ಉಪ್ಪು ಪದರ ಪದರವಾಗಿ ಹಾಕಿ ಇಡುತ್ತಾರೆ. ಒಂದು ತೊಟ್ಟು ನೀರು ಹಾಕುವುದಿಲ್ಲ. ಕೆಲವು ದಿನಗಳಲ್ಲಿ ಭರಣಿಯಲ್ಲಿ ನೀರು ತುಂಬಿರುತ್ತದೆ, ಮಿಡಿ ಚಿರುಟಿರುತ್ತದೆ. ಹೊರಗಿನ ಉಪ್ಪು ಮಿಡಿಯೊಳಗಿನ ನೀರನ್ನು ಎಳೆದುಕೊಂಡದ್ದರಿಂದ ಹೀಗಾಗುತ್ತದೆ. ರಾಸಾಯನಿಕ ಗೊಬ್ಬರವೂ ಬೇರಿನ ಮಟ್ಟಿಗೆ ಉಪ್ಪಿನಂತೆಯೇ. ಬೇರು ನೀರು ಕುಡಿಯುವ ಬದಲು ತನ್ನಲ್ಲಿದ್ದ ನೀರನ್ನೇ ಬಿಟ್ಟುಕೊಡುತ್ತದೆ. ಮಣ್ಣು ಒದ್ದೆಯಾಗಿದ್ದರೂ ಗಿಡ ಬಾಡುತ್ತದೆ. ಬಾಡಿತಲ್ಲ ಎಂದು ನಾವು ಇನ್ನಷ್ಟು ಗೊಬ್ಬರ ಹಾಕುತ್ತೇವೆ!

ಹೊಲಕ್ಕೆ ನೂರಾರು ಕಿಲೋ ಹಾಕುವ ಪದ್ಧತಿ ಕುಂಡಕ್ಕೆ ನಡೆಯುವುದಿಲ್ಲ. ಹೊಲದ ಬೇರಿಗೆ ತಪ್ಪಿಸಿಕೊಳ್ಳಲು ಜಾಗವಿದೆ, ಕುಂಡದ ಬೇರಿಗೆ ಇಲ್ಲ. ಇನ್ನೊಂದು ಕಡೆ, ಕುಂಡಕ್ಕೆ ದಿನವೂ ನೀರು ಹಾಕುವುದರಿಂದ ಪೋಷಕಾಂಶ ತಳದ ತೂತಿನಿಂದ ಹರಿದುಹೋಗುತ್ತಲೇ ಇರುತ್ತದೆ. ಆದ್ದರಿಂದ ಸ್ವಲ್ಪ ಸ್ವಲ್ಪ, ಮತ್ತೆ ಮತ್ತೆ. ಅಕ್ಟೋಬರಿನಲ್ಲಿ ಬಿಸಿಲು ತಗ್ಗಿದ ಮೇಲೆ ಶುರುಮಾಡಿ ಮಾರ್ಚ್‌ವರೆಗೆ ಹದಿನೈದು ದಿನಗಳಿಗೊಮ್ಮೆ, ಪೊಟ್ಟಣದಲ್ಲಿ ಹೇಳಿದ್ದರ ಅರ್ಧದಷ್ಟು ಮಾತ್ರ ನಾನು ಹಾಕುತ್ತೇನೆ. ಒಣಗಿದ ಮಣ್ಣಿಗೆ ಎಂದೂ ಹಾಕಬಾರದು, ಮೊದಲು ಬರೀ ನೀರು, ಆಮೇಲೆ ಗೊಬ್ಬರದ ನೀರು. ಏಪ್ರಿಲ್‌ನಲ್ಲಿ ಕಡಿಮೆ ಮಾಡಿ, ಜೂನ್‌ನಿಂದ ಆಗಸ್ಟ್‌ವರೆಗೆ ಪೂರ್ತಿ ನಿಲ್ಲಿಸುತ್ತೇನೆ. 45 ಡಿಗ್ರಿ ಬಿಸಿಲಿನಲ್ಲಿ ಗಿಡಕ್ಕೆ ಬೇಕಾದದ್ದು ನೆರಳು ಮತ್ತು ನೀರು. ರಜೆಗೆ ಹೋಗುವಾಗ ಪಕ್ಕದ ಮನೆಯವರಿಗೆ ಗಿಡ ಒಪ್ಪಿಸುತ್ತೇವಲ್ಲ, ಆಗ ಪ್ರೀತಿಯಿಂದ ಗೊಬ್ಬರದ ಡಬ್ಬವನ್ನೂ ಕೊಟ್ಟು ಹೋಗಬೇಡಿ.

ಕುಂಡದ ಅಂಚಿನಲ್ಲಿ, ಮಣ್ಣಿನ ಮೇಲೆ ಬಿಳಿಯ ಪೊರೆ ಕಟ್ಟಿದ್ದರೆ ಅದು ಸೇರಿಕೊಂಡ ಉಪ್ಪು ಮತ್ತು ಸುಣ್ಣ. ತಿಂಗಳಿಗೊಮ್ಮೆ, ಶುಕ್ರವಾರ ಬೆಳಿಗ್ಗೆ ಬಿಡುವಾಗಿ, ತಳದಿಂದ ಧಾರಾಳವಾಗಿ ಹರಿದುಹೋಗುವಷ್ಟು ನೀರು ನಿಧಾನವಾಗಿ ಹೊಯ್ಯಬೇಕು. ತಟ್ಟೆಯಲ್ಲಿ ನಿಂತ ನೀರನ್ನು ಚೆಲ್ಲಬೇಕು, ಇಲ್ಲದಿದ್ದರೆ ಅದೇ ಉಪ್ಪು ಮತ್ತೆ ಮೇಲೇರುತ್ತದೆ. ಬಾವಿ ಅಥವಾ ಟ್ಯಾಂಕರ್ ನೀರು ಉಪ್ಪಾಗಿದ್ದರೆ ಇದು ಇನ್ನೂ ಮುಖ್ಯ. ಎ.ಸಿ.ಯಿಂದ ತೊಟ್ಟಿಕ್ಕುವ ನೀರಿನಲ್ಲಿ ಉಪ್ಪು ಇರುವುದಿಲ್ಲ. ಬಕೆಟ್ಟಿನಲ್ಲಿ ಹಿಡಿದು ಹೂವಿನ ಗಿಡಗಳಿಗೆ ಹಾಕುತ್ತೇನೆ. ತಿನ್ನುವ ಸೊಪ್ಪಿಗೆ ಮಾತ್ರ ಹಾಕುವುದಿಲ್ಲ.

ಮಲ್ಲಿಗೆಯ ಬಗ್ಗೆ ಒಬ್ಬ ತಾಯಿ ಪೋಷಕರ ಸಭೆಯಲ್ಲಿ ಕೇಳಿದರು. ಗಿಡ ಕಡು ಹಸಿರಾಗಿ ಪೊದೆಯಂತೆ ಬೆಳೆದಿದೆ, ಒಂದು ಮೊಗ್ಗಿಲ್ಲ ಎಂದು. ಮಗನ ಅಂಕಗಳ ವಿಷಯ ಮುಗಿದ ಮೇಲೆ ನಾವು ಮಾತಾಡಿದ್ದು ಇದನ್ನೇ. ಅವರು ಬಿಡದೆ ಸಾರಜನಕ ಹೆಚ್ಚಿರುವ ಗೊಬ್ಬರ ಹಾಕುತ್ತಿದ್ದರು. ಸಾರಜನಕ ಹೆಚ್ಚಾದರೆ ಗಿಡ ಎಲೆಯನ್ನೇ ಬೆಳೆಸುತ್ತಾ ಕೂರುತ್ತದೆ, ಮೆತ್ತಗಿನ ಚಿಗುರಿಗೆ ಹೇನಿನಂತಹ ಕೀಟಗಳೂ ಮುತ್ತುತ್ತವೆ. ಗೊಬ್ಬರ ನಿಲ್ಲಿಸಿ, ಕೊಂಬೆ ಸವರಿ, ದಿನಕ್ಕೆ ನಾಲ್ಕೈದು ಗಂಟೆಯಾದರೂ ಬಿಸಿಲು ಬೀಳುವ ಕಡೆಗೆ ಸರಿಸಿ ಎಂದೆ. ಬಸಳೆ, ಹರಿವೆಗಳಿಗಾದರೆ ಎಲೆಯೇ ನಮಗೆ ಬೇಕಾದದ್ದು, ಅಲ್ಲಿ ಸಾರಜನಕಕ್ಕೆ ಅಷ್ಟು ಹೆದರಬೇಕಾಗಿಲ್ಲ.

ಕಾಂಪೋಸ್ಟನ್ನು ಮರೆಯಬೇಡಿ. ತರಕಾರಿ ಸಿಪ್ಪೆ, ಸಕ್ಕರೆ ಹೋಗುವಂತೆ ತೊಳೆದ ಟೀ ಚರಟ, ಒಣ ಎಲೆಗಳನ್ನು ತೂತುಗಳಿರುವ ಡಬ್ಬದಲ್ಲಿ ಪದರವಾಗಿ ಹಾಕಿ ಕೊಳೆಸಿದರೆ ಕೆಲವು ತಿಂಗಳಲ್ಲಿ ಮಣ್ಣಿನ ವಾಸನೆಯ ಕಪ್ಪು ಗೊಬ್ಬರ ಸಿಗುತ್ತದೆ. ಅದರ ಅಂಕಿಗಳು ಸಣ್ಣವು, ಗೊಬ್ಬರದ ಚೀಲದ ಮುಂದೆ ನಗೆಪಾಟಲು. ಆದರೆ ಮರಳು ಹಿಡಿದಿಡಲಾರದ ನೀರನ್ನೂ ಪೋಷಕಾಂಶವನ್ನೂ ಅದು ಹಿಡಿದಿಡುತ್ತದೆ. ಹಸಿ ಸಗಣಿಯನ್ನಾಗಲಿ ಕಳಿಯದ ಕೋಳಿಗೊಬ್ಬರವನ್ನಾಗಲಿ ಕುಂಡಕ್ಕೆ ಹಾಕಬೇಡಿ, ಬೇರು ಸುಡುತ್ತದೆ.

ಚಿಕ್ಕ ತರಗತಿಯ ಮಕ್ಕಳು ರಾಸಾಯನಿಕ ಗೊಬ್ಬರವನ್ನು ಮುಟ್ಟಬಾರದು. ದೊಡ್ಡವರು ಜೊತೆಗಿದ್ದಾಗ ಮಾತ್ರ, ಆಮೇಲೆ ಸೋಪಿನಿಂದ ಕೈ ತೊಳೆಯಬೇಕು. ಪೋಷಕರಲ್ಲಿ ಒಂದು ವಿನಂತಿ. ಯೂರಿಯಾ ನೋಡಲು ಸಾಬೂದಾನಿ, ಸಕ್ಕರೆಗಳ ಹಾಗೆಯೇ ಇರುತ್ತದೆ. ಹಳೆಯ ಹಾರ್ಲಿಕ್ಸ್ ಬಾಟಲಿಯಲ್ಲಿ ಹಾಕಿ ಅಡುಗೆಮನೆಯ ಕಪಾಟಿನಲ್ಲಿ ಇಡಬೇಡಿ.

ನಿಮಗೆ ಮನೆಗೆಲಸ

ನಿಮ್ಮ ಮನೆಯ ಒಂದು ಕುಂಡವನ್ನು ಆರಿಸಿಕೊಳ್ಳಿ. ನಾಲ್ಕು ವಾರ, ವಾರಕ್ಕೊಮ್ಮೆ, ಒಂದು ಚಿಗುರು ಮತ್ತು ಒಂದು ಬಲಿತ ಎಲೆಯ ಚಿತ್ರ ಬರೆದು ಬಣ್ಣ ತುಂಬಿ. ನರ ಯಾವ ಬಣ್ಣ, ನರಗಳ ನಡುವೆ ಯಾವ ಬಣ್ಣ, ಅಂಚು ಹೇಗಿದೆ, ಮಣ್ಣು ಒದ್ದೆಯೋ ಒಣವೋ ಎಂದು ಒಂದೊಂದು ಪೂರ್ಣ ವಾಕ್ಯದಲ್ಲಿ ಕನ್ನಡದಲ್ಲಿ ಬರೆಯಿರಿ. "ಎಲೆ ಹಳದಿಯಾಗಿದೆ" ಎಂಬ ವಾಕ್ಯಕ್ಕೆ ಅಂಕ ಕೊಡುವುದಿಲ್ಲ. ಯಾವ ಎಲೆ ಎಂದು ಬರೆದಿರಬೇಕು.

ಈಗ ನನ್ನ ಬಾಲ್ಕನಿಯಲ್ಲಿರುವುದು ಎರಡನೆಯ ಕರಿಬೇವು. ನನ್ನ ಭುಜದೆತ್ತರಕ್ಕೆ ಬಂದಿದೆ. ನಮ್ಮ ಮಹಡಿಯ ಮೂರು ಮನೆಗಳ ಒಗ್ಗರಣೆಗೆ ಅದರದ್ದೇ ಎಲೆ. ಕಳೆದ ತಿಂಗಳು ಅದರ ತುದಿಯ ಹೊಳೆಯುವ ಚಿಗುರಿನ ಫೋಟೊ ತೆಗೆದು ಹೆಮ್ಮೆಯಿಂದ ಅಪ್ಪನಿಗೆ ಕಳುಹಿಸಿದೆ. ಸ್ವಲ್ಪ ಹೊತ್ತಿನಲ್ಲಿ ಅವರ ಫೋನ್ ಬಂತು.

"ಚಿಗುರು ಲಾಯ್ಕ ಉಂಟು. ಅಡಿಯ ಎಲೆ ಯಾಕೆ ತೋರಿಸಲಿಲ್ಲ?"